ಗುಲ್ಮಾರ್ಗ್‌ಗೆ ಹೊರಡುವವರು ಎರಡು ದಿನ ಹೆಚ್ಚಿಗೆ ಇಟ್ಟುಕೊಳ್ಳಿ

ಫೆಬ್ರವರಿಯ ಎರಡನೇ ವಾರದಲ್ಲಿ ಬೆಂಗಳೂರಿನಿಂದ ಹೋದ ನಾವು ನಾಲ್ವರು ಕಾಶ್ಮೀರದ ಗುಲ್ಮಾರ್ಗ್‌ನಲ್ಲಿ ಐದು ದಿನ ಇದ್ದೆವು. ಅಫರ್ವಾಟ್ ಬೆಟ್ಟಕ್ಕೆ ಏರುವ ಗೊಂಡೋಲಾದ (ತಂತಿಯ ಮೇಲೆ ಸಾಗುವ ಕೇಬಲ್ ಕಾರ್) ಎರಡನೇ ಹಂತ ಅಷ್ಟು ದಿನಗಳಲ್ಲಿ ನಮಗೆ ತೆರೆದು ಸಿಕ್ಕಿದ್ದು ಒಂದೇ ದಿನ. ಉಳಿದ ದಿನಗಳಲ್ಲಿ ಒಮ್ಮೆ ಗಾಳಿ, ಒಮ್ಮೆ ಹಿಮ ಅಡ್ಡ ಬಂದವು. ಆದ್ದರಿಂದ ಮೂರು ದಿನದ ಪ್ಯಾಕೇಜಿನಲ್ಲಿ ಸ್ಕೀಯಿಂಗ್ ಮುಗಿಸಿ ಬರುತ್ತೇವೆ ಎನ್ನುವವರಿಗೆ ನನ್ನ ಮೊದಲ ಮಾತು, ಇನ್ನೆರಡು ದಿನ ಸೇರಿಸಿಕೊಳ್ಳಿ.

ಡಿಸೆಂಬರ್ 21ರಿಂದ ನಲವತ್ತು ದಿನಗಳ ಕಡು ಚಳಿಗಾಲವನ್ನು ಕಾಶ್ಮೀರಿಗಳು ‘ಚಿಲ್ಲೈ ಕಲಾನ್’ ಎನ್ನುತ್ತಾರೆ. ಚಳಿ ಆಗ ಬಂದೇ ಬರುತ್ತದೆ, ಆದರೆ ಹಿಮ ಬರಲೇಬೇಕೆಂದಿಲ್ಲ. ಮೆಡಿಟರೇನಿಯನ್ ಕಡೆಯಿಂದ ತೇವ ಹೊತ್ತು ಬರುವ ‘ವೆಸ್ಟರ್ನ್ ಡಿಸ್ಟರ್ಬೆನ್ಸ್’ಗಳು ಕೈಕೊಟ್ಟರೆ ಇಡೀ ಬಯಲು ಒಣಹುಲ್ಲಿನಿಂದ ಕಂದು ಬಣ್ಣಕ್ಕೆ ತಿರುಗುತ್ತದೆ. 2024ರ ಜನವರಿ ಬಹುಪಾಲು ಹಾಗೆಯೇ ಕಳೆಯಿತು. 2025ರಲ್ಲಿ ಹಿಮ ಸಾಲದೆ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳ ಗುಲ್ಮಾರ್ಗ್ ಹಂತವೇ ಫೆಬ್ರವರಿಯಿಂದ ಮಾರ್ಚ್‌ಗೆ ಮುಂದೆ ಹೋಯಿತು. ಆದ ಕಾರಣ ಕ್ಯಾಲೆಂಡರನ್ನು ನಂಬಿ ಟಿಕೆಟ್ ತೆಗೆಯುವುದಕ್ಕಿಂತ, ಸಾಧ್ಯವಿದ್ದವರು ಶ್ರೀನಗರದ ಹವಾಮಾನ ಕೇಂದ್ರದ ಮುನ್ಸೂಚನೆ ನೋಡಿಕೊಂಡು ದಿನಾಂಕವನ್ನು ಹಿಂದೆ ಮುಂದೆ ಮಾಡಿಕೊಳ್ಳುವುದು ಒಳ್ಳೆಯದು.

ಗುಲ್ಮಾರ್ಗ್ ಸುಮಾರು 2,650 ಮೀಟರ್ ಎತ್ತರದಲ್ಲಿದೆ. ಗೊಂಡೋಲಾದ ಎರಡನೇ ಹಂತ ಮುಟ್ಟುವ ತಾಣ ಸುಮಾರು 3,950 ಮೀಟರ್, ಅಂದರೆ ನಮ್ಮ ಮುಳ್ಳಯ್ಯನಗಿರಿಯ ಎರಡರಷ್ಟು. ಕೆಳಗಿಗಿಂತ ಮೇಲೆ ಏಳೆಂಟು ಡಿಗ್ರಿ ಕಡಿಮೆ ಇರುತ್ತದೆ, ಅದರ ಮೇಲೆ ಗಾಳಿ ಬೇರೆ. ಹಿಮ ಬೀಳುವ ರಾತ್ರಿಗಿಂತ, ಅದು ನಿಂತು ಆಕಾಶ ತಿಳಿಯಾದ ಮರುರಾತ್ರಿಯೇ ಹೆಚ್ಚು ಕೊರೆಯುತ್ತದೆ ಎಂಬುದು ನಮಗೆ ಅಲ್ಲಿಯೇ ತಿಳಿಯಿತು: ಮೋಡದ ಹೊದಿಕೆ ಸರಿದೊಡನೆ ನೆಲದ ಶಾಖವೆಲ್ಲ ಮೇಲಕ್ಕೆ ಹೋಗುತ್ತದೆ. ಕೋಣೆಯಲ್ಲಿ ಬುಖಾರಿ ಒಲೆಯೋ ಹೀಟರೋ ಇರುವುದನ್ನು ಮೊದಲೇ ಕೇಳಿಕೊಳ್ಳಿ.

ಹಿಮವೆಂದರೆ ಎಲ್ಲ ದಿನವೂ ಒಂದೇ ಅಲ್ಲ. ಮೂರನೆಯ ದಿನ ಬೆಳಿಗ್ಗೆ ಹೊಸ ಹಿಮವನ್ನು ಬೊಗಸೆಯಲ್ಲಿ ಹಿಡಿದು ಉಂಡೆ ಕಟ್ಟಲು ನೋಡಿದೆ. ಒಣ ಅಕ್ಕಿಹಿಟ್ಟಿನಂತೆ ಬೆರಳ ಸಂದಿಯಿಂದ ಉದುರಿಹೋಯಿತು. ಸ್ಕೀ ಮಾಡುವವರು ಹಾತೊರೆಯುವ ಪೌಡರ್ ಅದೇ. ಮರುದಿನ ಮಧ್ಯಾಹ್ನ ಬಿಸಿಲು ತಾಗಿದ ಇಳಿಜಾರಿನ ಹಿಮ ಕೈಗೆ ಅಂಟಿತು, ಅದರ ಮರು ಬೆಳಿಗ್ಗೆ ಅಲ್ಲಿಯೇ ಗಾಜಿನಂಥ ಪದರ ಗಟ್ಟಿಯಾಗಿ ನನ್ನನ್ನು ಎರಡು ಸಲ ಬೀಳಿಸಿತು. ಹೊಸಬರು ಅಂಥ ದಿನ ಹತ್ತು ಗಂಟೆಯ ನಂತರ ಹೊರಡುವುದು ಮೇಲು. ಮೋಡ ಕವಿದಾಗ ನೆರಳೇ ಬೀಳುವುದಿಲ್ಲವಾದ್ದರಿಂದ ಉಬ್ಬು ತಗ್ಗು ಕಾಣುವುದಿಲ್ಲ. ತಿಳಿ ಬಣ್ಣದ ಗಾಜಿರುವ ಗಾಗಲ್ ಆಗ ನೆರವಿಗೆ ಬರುತ್ತದೆ.

ಹೊಸ ಹಿಮ ಕಂಡ ಆಸೆಗೆ ಗುರುತು ಹಾಕಿದ ದಾರಿ ಬಿಟ್ಟು ಅಫರ್ವಾಟ್‌ನ ಇಳಿಜಾರಿಗೆ ಇಳಿಯಬೇಡಿ. 2023ರ ಮತ್ತು 2024ರ ಫೆಬ್ರವರಿಗಳಲ್ಲಿ ಅಲ್ಲಿ ಹಿಮಕುಸಿತಕ್ಕೆ ಸಿಕ್ಕಿ ವಿದೇಶಿ ಸ್ಕೀಯರ್‌ಗಳು ಜೀವ ಕಳೆದುಕೊಂಡರು. ಕಲಿಯುವವರಿಗೆ ಕೆಳಗಿನ ಬಯಲಿನ ಇಳಿಜಾರುಗಳೇ ಸಾಕು. ಬಾಡಿಗೆ ಬೂಟನ್ನು ಹಾಕಿಕೊಂಡು ಹತ್ತು ನಿಮಿಷ ನಡೆದು ನೋಡಿ ಹಣ ಕೊಡಿ. ನನ್ನ ಬೂಟಿನ ಬಕಲ್ ನಡುದಾರಿಯಲ್ಲಿ ಕಳಚಿಕೊಂಡಿತ್ತು.

ಹಿಮ ಹೆಚ್ಚಿದ್ದಾಗ, ಬೆಟ್ಟದ ಕೆಳಗಿನ ಊರಾದ ತಂಗ್‌ಮಾರ್ಗ್‌ನಿಂದ ಗುಲ್ಮಾರ್ಗ್‌ವರೆಗಿನ 13 ಕಿಲೋಮೀಟರಿಗೆ ಚಕ್ರಕ್ಕೆ ಸರಪಳಿ ಕಟ್ಟಿದ ವಾಹನವೇ ಬೇಕು. ಇಲ್ಲಿನ ಪ್ರಿಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ, ಗುಂಪಿನಲ್ಲಿ ಒಬ್ಬರದಾದರೂ ಪೋಸ್ಟ್‌ಪೇಯ್ಡ್ ಇರಲಿ. ಮರಳುವ ವಿಮಾನದ ಹಿಂದಿನ ರಾತ್ರಿಯೇ ಶ್ರೀನಗರಕ್ಕೆ ಇಳಿದುಬಿಡಿ.