ನನ್ನ ಶೂ, ಆಯಮ್ಮನ ಬ್ಯಾಗು

ಶನಿವಾರದಿಂದ ಒಂದೇ ಮಾತು ತಲೇಲಿ ಸುತ್ತುತಾ ಇದೆ. "ಆಯ್ತಪ್ಪ ಬಿಡು." ಹೇಳಿದ್ದು ನಾನಲ್ಲ, ಕ್ಯೂನಲ್ಲಿ ನನ್ನ ಹಿಂದೆ ನಿಂತಿದ್ದ ಒಬ್ಬ ವಯಸ್ಸಾದ ಹೆಂಗಸು. ನಾನು ಅವತ್ತು ಇನ್ನೇನೇನೋ ಹೇಳಿದ್ದೆ, ಅದನ್ನೆಲ್ಲಾ ಈಗ ನೆನೆಸ್ಕೊಂಡ್ರೆ ನಾಚಿಕೆ ಆಗುತ್ತೆ.

ಆಗಿದ್ದು ಇಷ್ಟು. ಸೇಲಲ್ಲಿ ಒಂದು ಜೊತೆ ಶೂ ತಗೊಂಡಿದ್ದೆ, ಅರ್ಧಕ್ಕರ್ಧ ಡಿಸ್ಕೌಂಟು. ನನ್ನ ಸೈಜ್ ಖಾಲಿಯಾಗಿತ್ತು, ಇದ್ದಿದ್ದು ಒಂದು ಸೈಜ್ ಚಿಕ್ಕದು. ಅಂಗಡೀಲೇ ಹಾಕ್ಕೊಂಡು ನೋಡ್ದೆ, ಬೆರಳೆಲ್ಲಾ ಮುದುರ್ಕೊಳ್ತು, ಆದ್ರೂ ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ ಬಿಡು ಅಂತ ನನಗೆ ನಾನೇ ಸಮಾಧಾನ ಹೇಳ್ಕೊಂಡು ಬಿಲ್ ಮಾಡಿಸ್ದೆ. ಸೇಲ್ ಬೋರ್ಡ್ ಕಂಡ್ರೆ ಸ್ವಂತ ಕಾಲಿನ ಅಳತೆನೂ ಮರೆತುಹೋಗುತ್ತೆ. ಮನೇಲಿ ನಾಲ್ಕು ಹೆಜ್ಜೆ ಹಾಕೋ ಅಷ್ಟ್ರಲ್ಲಿ ಹಿಮ್ಮಡಿ ಕಚ್ತು. ನಾಲ್ಕನೇ ದಿನ ಡಬ್ಬಿ, ಬಿಲ್ ಎಲ್ಲಾ ಹೊತ್ಕೊಂಡು ವಾಪಸ್ ಹೋದೆ.

ಕೌಂಟರ್ ಹುಡುಗ ಶೂನ ಹಿಂದೆ ಮುಂದೆ ತಿರುಗಿಸಿ ನೋಡ್ದ.

"ಏನ್ ತೊಂದ್ರೆ ಮೇಡಂ ಇದ್ರಲ್ಲಿ?"

"ತೊಂದ್ರೆ ಏನಿಲ್ಲ, ನನಗೆ ಬೇಡ ಅಷ್ಟೆ."

ಅವನು ಮಾತಾಡ್ದೆ ತಲೆ ಮೇಲಿದ್ದ ಬೋರ್ಡ್ ಕಡೆ ಬೆರಳು ತೋರಿಸ್ದ. ಸೇಲ್ ಐಟಂ ವಾಪಸ್ ತಗೊಳ್ಳಲ್ಲ, ಬದಲಾಯಿಸಿ ಕೊಡಲ್ಲ.

ಅಲ್ಲಿಂದ ಶುರುವಾಯ್ತು ನನ್ನ ಭಾಷಣ. ಗ್ರಾಹಕರ ಹಕ್ಕು ಅಂದೆ, ಕನ್ಸ್ಯೂಮರ್ ಕೋರ್ಟ್ ಅಂದೆ, ಮ್ಯಾನೇಜರನ್ನ ಕರೀರಿ ಅಂದೆ, "ಕಾನೂನು ಗೊತ್ತಾ ನಿಮಗೆ" ಅಂತ ಬೇರೆ ಕೇಳ್ದೆ, ಅದೂ ನನಗೇ ಒಂದಕ್ಷರ ಗೊತ್ತಿಲ್ಲದ ಕಾನೂನು. ಮ್ಯಾನೇಜರ್ ಬಂದ. ನಗ್ತಾ ನಗ್ತಾ ಅದೇ ಬೋರ್ಡ್ ತೋರಿಸಿ ಮೊಬೈಲ್ ನೋಡ್ಕೊಂಡು ಪಕ್ಕದಲ್ಲೇ ನಿಂತ. ಕೆಲವರ ನಗುಗೇ ಒಂದು ಕೇಸ್ ಹಾಕ್ಬೇಕು ಅನ್ಸುತ್ತೆ, ಅಂಥ ನಗು.

ನಾನು ಸಿಟ್ಟಲ್ಲಿ ಶೂನ ಡಬ್ಬಿಗೆ ತುರುಕ್ತಾ ಇರೋವಾಗ ಆಯಮ್ಮ ಮುಂದೆ ಬಂದು ಮಕ್ಕಳ ಸ್ಕೂಲ್ ಬ್ಯಾಗ್ ಒಂದನ್ನ ಕೌಂಟರ್ ಮೇಲಿಟ್ರು. "ನೋಡಪ್ಪ, ಝಿಪ್ ಎಳೆದ್ರೆ ಹಿಂದಿಂದ ಬಾಯಿ ಬಿಟ್ಕೊಳ್ಳುತ್ತೆ, ಮೊಮ್ಮಗಳು ಎರಡೇ ದಿನ ಹಾಕ್ಕೊಂಡು ಹೋಗಿದ್ದು" ಅಂದ್ರು. ಹುಡುಗ ಝಿಪ್ ಎಳೆದ. ನಾವು ಮೂರೂ ಜನ ನೋಡ್ತಾ ಇದ್ದ ಹಾಗೇ ಹಲ್ಲೆಲ್ಲಾ ಬಿಟ್ಕೊಳ್ತು. ಅವನು ಒಂದು ಸಲ ಮ್ಯಾನೇಜರ್ ಮುಖ ನೋಡ್ದ. ಮ್ಯಾನೇಜರ್ ಮೊಬೈಲಿಂದ ತಲೆ ಎತ್ತಲಿಲ್ಲ.

"ಸೇಲಲ್ಲಿ ತಗೊಂಡಿದ್ದಲ್ವಾ ಅಮ್ಮ?"

"ಹೂಂ ಕಣಪ್ಪ."

ಮತ್ತೆ ಅದೇ ಬೆರಳು, ಅದೇ ಬೋರ್ಡು.

"ಆಯ್ತಪ್ಪ ಬಿಡು."

ಹೇಳಿ, ಆ ಕೆಟ್ಟ ಝಿಪ್ಪನ್ನೇ ಅಭ್ಯಾಸಬಲದಿಂದ ಒಂದು ಸಲ ಎಳೆದು ಮುಚ್ಚಿ, ಬ್ಯಾಗನ್ನ ಕಂಕುಳಲ್ಲಿ ಇಟ್ಕೊಂಡು ಹೊರಟೇಬಿಟ್ರು. ನನಗೂ ಅವರಿಗೂ ಒಂದೇ ಉತ್ತರ ಸಿಕ್ಕಿತ್ತು, ನಾನು ಹತ್ತು ನಿಮಿಷ ಕೂಗಾಡಿದೆ, ಆಯಮ್ಮ ಅರ್ಧ ನಿಮಿಷನೂ ನಿಲ್ಲಲಿಲ್ಲ.

ರಾತ್ರಿ ಕೂತು ಓದೋಕೆ ಶುರು ಮಾಡ್ದೆ. ಆಯಮ್ಮನಿಗೋಸ್ಕರ ಅಲ್ಲ, ಸುಳ್ಳು ಯಾಕೆ ಹೇಳ್ಲಿ, ಆ ಮ್ಯಾನೇಜರ್ ನಗುಗೆ ಉತ್ತರ ಹುಡುಕೋಕೆ. ಎಲ್ಲಾದ್ರೂ ಒಂದು ದೇಶದ ಕಾನೂನು ನನ್ನ ಪರ ಇರಬಹುದು ಅಂತ ಹುಡುಕಿದ್ದೇ ಹುಡುಕಿದ್ದು. ಬ್ರಿಟನ್‌ನಲ್ಲಿ 2015ರ ಗ್ರಾಹಕ ಹಕ್ಕುಗಳ ಕಾಯ್ದೆ ಇದೆ, ಮಾಲಲ್ಲಿ ದೋಷ ಇದ್ರೆ 30 ದಿನದೊಳಗೆ ವಾಪಸ್ ಕೊಟ್ಟು ಪೂರ್ತಿ ದುಡ್ಡು ಕೇಳಬಹುದು, ಸೇಲಲ್ಲಿ ತಗೊಂಡಿದ್ರೂ ಸರಿ. ಆದ್ರೆ ಅಂಗಡಿಗೆ ಹೋಗಿ ನೋಡಿ ತಗೊಂಡು ಆಮೇಲೆ ಮನಸ್ಸು ಬದಲಾಯ್ತು ಅಂದ್ರೆ ಹಕ್ಕು ಸೊನ್ನೆ. ಯುರೋಪಿಯನ್ ಒಕ್ಕೂಟದಲ್ಲಿ ಕಾರಣ ಕೊಡದೆ 14 ದಿನದೊಳಗೆ ವಾಪಸ್ ಮಾಡಬಹುದು ಅಂತ ಓದಿ ಕುಣಿದುಬಿಟ್ಟೆ, ಮುಂದಿನ ಸಾಲಲ್ಲೇ ಇಳಿದೆ, ಅದು ಆನ್‌ಲೈನು, ಫೋನು, ಮನೆ ಬಾಗಿಲಿಗೆ ಬಂದು ಮಾರಿದ್ದು, ಇಂಥದ್ದಕ್ಕೆ ಮಾತ್ರ. ಆನ್‌ಲೈನಲ್ಲಿ ಮುಟ್ಟಿ ನೋಡೋಕೆ ಆಗಲ್ಲ ಅಂತ ಆ ಸವಲತ್ತು. ನಾನು ಮುಟ್ಟಿದ್ದೆ, ಹಾಕ್ಕೊಂಡಿದ್ದೆ, ಬೆರಳು ಮುದುರಿದ್ದೂ ನನಗೆ ಗೊತ್ತಿತ್ತು. ಅಮೆರಿಕದಲ್ಲಂತೂ ಅಂಗಡಿ ಮಾಲನ್ನ ಬೇಡ ಅಂತ ವಾಪಸ್ ತಗೊಳ್ಳಲೇಬೇಕು ಅನ್ನೋ ಕೇಂದ್ರ ಕಾನೂನೇ ಇಲ್ಲ, ರಾಜ್ಯಗಳದ್ದು ಒಂದೊಂದು ಥರ.

ಭಾರತದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಓದೋವಾಗ ಮಾತ್ರ ನನ್ನ ಶೂ ಮರೆತೇ ಹೋಯ್ತು. ದೋಷ ಇರೋ ಮಾಲನ್ನ ಬಿಲ್ಲಲ್ಲಿ ಹೇಳಿರೋ ಅವಧಿಯೊಳಗೆ, ಬಿಲ್ಲಲ್ಲಿ ಏನೂ ಹೇಳದೆ ಇದ್ರೆ 30 ದಿನದೊಳಗೆ, ವಾಪಸ್ ತಗೊಂಡು ದುಡ್ಡು ಕೊಡೋಕೆ ಒಪ್ಪದೆ ಇದ್ರೆ ಅದು ಅನುಚಿತ ವ್ಯಾಪಾರ ಪದ್ಧತಿ ಅಂತ ಅದ್ರಲ್ಲಿದೆ. ಬಿಲ್ ಕೊಡದೆ ಇರೋದೂ ಅದೇ ಪಟ್ಟಿಯಲ್ಲಿದೆ. ಅಂದ್ರೆ ಯಾವ ದೇಶದ್ದು ನೋಡಿದ್ರೂ ನನ್ನ "ಬೇಡ"ಗೆ ಬೆಲೆ ಇಲ್ಲ, ಆಯಮ್ಮನ ಝಿಪ್ಪಿಗೆ ಇದೆ. ಆ ಬೋರ್ಡು ನನ್ನ ವಿಷಯದಲ್ಲಿ ಸರಿ, ಅವರ ವಿಷಯದಲ್ಲಿ ಬರೀ ಹಲಗೆ. ಆದ್ರೆ ಅದನ್ನ ಬರೆಸಿದವರು ಜಾಣರು, ಕೆಟ್ಟಿರೋದು ಅಂತಲೂ ಬರೆಸಿಲ್ಲ, ಬೇಡವಾಗಿರೋದು ಅಂತಲೂ ಬರೆಸಿಲ್ಲ, ಎರಡನ್ನೂ ಒಂದೇ ಗೋಣೀಲಿ ತುಂಬಿಟ್ಟಿದ್ದಾರೆ.

ದೋಷ ತೋರಿಸಿಯೇ ಮಾರಿದ್ರೆ ಮಾತು ಬೇರೆ. ಇಲ್ಲೊಂದು ಕಲೆ ಇದೆ, ಅದಕ್ಕೇ ರೇಟ್ ಇಳಿಸಿದ್ದೀವಿ ಅಂತ ಹೇಳಿದ್ಮೇಲೂ ತಗೊಂಡು ಆಮೇಲೆ ಕಲೆ ಇದೆ ಅಂತ ಹೋದ್ರೆ ಯಾರೂ ಕೇಳಲ್ಲ. ವಾಪಸ್ ಬರೋ ದುಡ್ಡೂ ಕೊಟ್ಟಷ್ಟೇ, ಸೇಲ್‌ಗೆ ಮುಂಚಿನ ರೇಟ್ ಅಲ್ಲ. ಇನ್ನೊಂದು, ಈಗಿನ ಬಿಲ್‌ಗಳು ಥರ್ಮಲ್ ಪೇಪರ್, ಶಾಖ ತಗುಲಿ ಮೂಡಿದ ಅಕ್ಷರ, ಪರ್ಸಲ್ಲಿ ಇಟ್ಕೊಂಡ್ರೆ ಕೆಲವು ತಿಂಗಳಲ್ಲಿ ಬಿಳೀ ಹಾಳೆ ಆಗುತ್ತೆ. ನನ್ನ ಡ್ರಾಯರಲ್ಲಿ ಅಂಥ ಬಿಳೀ ಹಾಳೆ ಒಂದು ಕಂತೆ ಇದೆ, ಯಾವುದು ಯಾವುದರದ್ದು ಅಂತ ದೇವರಿಗೇ ಗೊತ್ತು. ಅವತ್ತಿಂದ ಕೌಂಟರಲ್ಲೇ ನಿಂತು ಫೋಟೋ ತೆಗೀತಾ ಇದೀನಿ.

ಬೇಡ ಅಂದ್ರೂ ವಾಪಸ್ ತಗೊಳ್ಳೋ ಅಂಗಡಿಗಳು ಇಲ್ವಾ ಅಂದ್ರೆ ಬೇಕಾದಷ್ಟಿವೆ. 19ನೇ ಶತಮಾನದಲ್ಲೇ ಪ್ಯಾರಿಸ್‌ನ ಬಾನ್ ಮಾರ್ಷೆ ಅಂಗಡಿ ಇದಕ್ಕೆ ಹೆಸರುವಾಸಿ ಆಗಿತ್ತು. ಅದು ದಾನಧರ್ಮ ಅಲ್ಲ, ವಾಪಸ್ ತಗೋತಾರೆ ಅನ್ನೋ ಧೈರ್ಯಕ್ಕೆ ಜನ ನಾಲ್ಕು ಜಾಸ್ತಿ ಕೊಳ್ತಾರೆ ಅನ್ನೋ ಲೆಕ್ಕಾಚಾರ. ಹಾಗೆ ಕೊಡ್ತೀವಿ ಅಂತ ಅವರೇ ಬರೆದು ಹಾಕಿದ್ರೆ ಆಗ ಮಾತ್ರ ನಾವು ಹಿಡಿದು ಕೇಳಬಹುದು. ನಾನು ಬೇರೆಯವರ ಔದಾರ್ಯನ ಹಕ್ಕು ಅಂದ್ಕೊಂಡು ಜಗಳ ಆಡಿದ್ದೆ.

ಆ ಹುಡುಗನ ಮೇಲೆ ಈಗ ಸಿಟ್ಟಿಲ್ಲ. ಝಿಪ್ ಬಿಟ್ಕೊಂಡಾಗ ಅವನ ಕಣ್ಣು ಮ್ಯಾನೇಜರ್ ಕಡೆ ಹೋಯ್ತಲ್ಲ, ಅವನಿಗೂ ಗೊತ್ತಿತ್ತು ಇದು ಸರಿ ಅಲ್ಲ ಅಂತ. ಮ್ಯಾನೇಜರ್‌ಗಂತೂ ಖಂಡಿತ ಗೊತ್ತಿತ್ತು, ಇಲ್ದೆ ಇದ್ರೆ ಆ ಹೊತ್ತಲ್ಲೇ ಮೊಬೈಲಲ್ಲಿ ಅಷ್ಟು ಮುಳುಗಿರ್ತಿರ್ಲಿಲ್ಲ. ನನಗೆ ತಡ್ಕೊಳ್ಳೋಕೆ ಆಗದೆ ಇರೋದು ನನ್ನದೇ ವಿಷಯ. ಪಕ್ಕದಲ್ಲೇ ಇದ್ದೆ. ಬಾಯಿ ಜೋರಾಗಿಯೇ ಇತ್ತು. ನನ್ನ ಶೂಗೆ ಸಿಗದ ನ್ಯಾಯದ ಬಗ್ಗೆ ಮನಸಲ್ಲೇ ಗೊಣಗ್ತಾ ಡಬ್ಬಿ ಮುಚ್ಚಳ ಕೂರಿಸ್ತಾ ಇದ್ದೆ, ಆಯಮ್ಮನ ಪರವಾಗಿ "ಇದು ಕೆಟ್ಟಿದೆಯಲ್ರೀ" ಅನ್ನೋ ಒಂದು ಮಾತು ನನ್ನ ಬಾಯಿಂದ ಬರಲಿಲ್ಲ. ಅದಕ್ಕೇನು ಕಾನೂನು ಓದಿರಬೇಕಿತ್ತಾ?

ಶೂ ತಂಗಿಗೆ ಕೊಟ್ಟೆ, ಅವಳ ಕಾಲಿಗೆ ಅಳತೆ ತಗೊಂಡು ಹೊಲಿದ ಹಾಗಿದೆ. ಬುಧವಾರ ಆ ಅಂಗಡಿ ಮುಂದೆ ಹೋಗೋವಾಗ ಬೇಕಂತಲೇ ಒಳಗೆ ಇಣುಕಿದೆ, ಕ್ಯೂನಲ್ಲಿ ಆಯಮ್ಮ ಇರ್ಲಿಲ್ಲ. ಇರೋಕೆ ಕಾರಣನೂ ಇಲ್ಲ. ಎರಡೇ ದಿನ ಹಾಕಿದ ಬ್ಯಾಗು, 30 ದಿನ ಅಂದ್ರೆ ಇನ್ನೂ ಮೂರು ವಾರ ಇದೆ, ಬಿಲ್ ಎಸೆದಿರದಿದ್ರೆ.