ಚಾರ್ಜರ್ ಸುಡುತ್ತಿದೆ ಎಂದರೆ, ಎಲ್ಲಿ?

ಬೇಸಿಗೆ ಬಂತೆಂದರೆ ನಮ್ಮ ಲ್ಯಾಪ್‌ಟಾಪ್ ದುರಸ್ತಿ ಅಂಗಡಿಗೆ ಒಂದೇ ದೂರು: ‘ಚಾರ್ಜರ್ ಕೈ ಸುಡುತ್ತಿದೆ, ಹೊಸದು ಕೊಟ್ಟುಬಿಡಿ.’ ಕೊಟ್ಟುಬಿಡುವುದು ಸುಲಭ, ಅದರಲ್ಲಿ ನಾಲ್ಕು ಕಾಸು ಲಾಭವೂ ಇದೆ. ತೊಂದರೆಯೆಂದರೆ, ಹಾಗೆ ಕೊಂಡುಹೋದವರಲ್ಲಿ ಕೆಲವರು ‘ಇದೂ ಸುಡುತ್ತಿದೆ’ ಎಂದು ಮತ್ತೆ ಮೆಟ್ಟಿಲು ಹತ್ತುತ್ತಾರೆ. ಹಾಗಾಗಿ ಹೊಸದನ್ನು ತೆಗೆಯುವ ಮೊದಲು ನಾನು ಕೇಳುವುದು ಒಂದನ್ನೇ: ಎಲ್ಲಿ ಬಿಸಿ? ನಡುವಿನ ಡಬ್ಬಿಯೋ, ಲ್ಯಾಪ್‌ಟಾಪ್‌ಗೆ ಚುಚ್ಚುವ ಪಿನ್ನೋ, ಗೋಡೆಯ ಪ್ಲಗ್ಗೋ? ಹೆಚ್ಚಿನವರು ಅದನ್ನು ಗಮನಿಸಿಯೇ ಇರುವುದಿಲ್ಲ.

ಡಬ್ಬಿ ಬಿಸಿಯಾಗುವುದೇ ರೋಗವಲ್ಲ. ಸಾಮಾನ್ಯವಾಗಿ ಸಿಗುವ 65 ವ್ಯಾಟ್ ಅಡಾಪ್ಟರ್, ಅಂದರೆ ಆ ಡಬ್ಬಿಯ ಮೇಲೆ 19.5 ವೋಲ್ಟ್, 3.34 ಆಂಪಿಯರ್ ಎಂದು ಅಚ್ಚಾಗಿರುತ್ತದೆ. ಲೇಬಲ್ಲಿನ ಮೂಲೆಯಲ್ಲಿ ವೃತ್ತದೊಳಗೆ ರೋಮನ್ ಅಂಕಿಯ ಆರು ಇದ್ದರೆ ಆ ಮಾದರಿಯ ಸರಾಸರಿ ದಕ್ಷತೆ ಕನಿಷ್ಠ ಶೇ 88 ಎಂದರ್ಥ. ಲೆಕ್ಕ ಹಾಕಿ: ಪೂರ್ತಿ 65 ವ್ಯಾಟ್ ಕೊಡಬೇಕಾದರೆ ಗೋಡೆಯಿಂದ ಸುಮಾರು 74 ವ್ಯಾಟ್ ಎಳೆಯಬೇಕು. ಉಳಿದ 9 ವ್ಯಾಟ್ ಫ್ಯಾನೂ ಇಲ್ಲದ, ಗಾಳಿಕಿಂಡಿಯೂ ಇಲ್ಲದ ಪ್ಲಾಸ್ಟಿಕ್ ಡಬ್ಬಿಯೊಳಗೆ ಶಾಖವಾಗಿಯೇ ಕರಗಬೇಕು. ಅದನ್ನು ಹಾಸಿಗೆಯ ಮೇಲೆ, ದಿಂಬಿನ ಪಕ್ಕದಲ್ಲಿ, ಕಚೇರಿಯ ಕಡತಗಳ ಅಡಿಯಲ್ಲಿ ಇಟ್ಟರೆ ಶಾಖ ಹೋಗುವುದಾದರೂ ಎಲ್ಲಿಗೆ?

ಡಬ್ಬಿಯ ಬಿಸಿ ಸಹಜವೋ ಅಲ್ಲವೋ ಎಂದು ತಿಳಿಯಲು ಉಪಕರಣವೇನೂ ಬೇಕಿಲ್ಲ. ಪಿನ್ನನ್ನು ಲ್ಯಾಪ್‌ಟಾಪ್‌ನಿಂದ ಕಿತ್ತು, ಅಡಾಪ್ಟರನ್ನು ಗೋಡೆಯಲ್ಲಿ ಹಾಗೆಯೇ ಬಿಟ್ಟು ಅರ್ಧ ಗಂಟೆ ಸುಮ್ಮನಿರಬೇಕು. ಆ ಆರನೆಯ ದರ್ಜೆಯ ಅಡಾಪ್ಟರ್ ಕೆಲಸವಿಲ್ಲದಾಗ 0.21 ವ್ಯಾಟ್‌ಗಿಂತ ಹೆಚ್ಚು ತಿನ್ನುವಂತಿಲ್ಲ. ಅಷ್ಟರಿಂದ ಡಬ್ಬಿ ಬೆಚ್ಚಗಾಗುವುದೂ ಕಷ್ಟ. ಲೋಡ್ ಇಲ್ಲದೆಯೂ ಬಿಸಿಯಾಗಿದ್ದರೆ, ‘ಚಿರ್’ ಎಂಬ ಸದ್ದು ಬರುತ್ತಿದ್ದರೆ ಅಥವಾ ಸುಟ್ಟ ವಾಸನೆ ಇದ್ದರೆ ಒಳಗೇ ಕೆಟ್ಟಿದೆ, ಅದನ್ನು ಬದಲಾಯಿಸಬೇಕು. ಒಡೆದು ನೋಡುವ ಉತ್ಸಾಹ ಬೇಡ. ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ 300 ವೋಲ್ಟ್ ಮೀರಿದ ಚಾರ್ಜ್ ಉಳಿದಿರಬಹುದು.

ಲ್ಯಾಪ್‌ಟಾಪ್ ಎಷ್ಟು ವ್ಯಾಟ್ ಬೇಡುತ್ತದೆ, ಅಡಾಪ್ಟರ್ ಎಷ್ಟು ಕೊಡುತ್ತದೆ ಎಂದು ಎರಡೂ ಲೇಬಲ್ ಓದಿ ನೋಡುವುದು ಇನ್ನೊಂದು ಕೆಲಸ. ಅಣ್ಣನ ಗೇಮಿಂಗ್ ಲ್ಯಾಪ್‌ಟಾಪ್‌ಗೆ ತಂಗಿಯ 65 ವ್ಯಾಟಿನದನ್ನು ಚುಚ್ಚಿದರೆ ಆ ಅಡಾಪ್ಟರ್ ಇಡೀ ದಿನ ಏದುಸಿರು ಬಿಡುತ್ತಲೇ ದುಡಿಯಬೇಕು. ಡೂಪ್ಲಿಕೇಟ್‌ಗಳದ್ದು ಬೇರೆಯೇ ಕಥೆ. 90 ವ್ಯಾಟ್ ಎಂದು ಬರೆದದ್ದು ಕೈಯಲ್ಲಿ ಹಿಡಿದರೆ ಹತ್ತಿಯಷ್ಟು ಹಗುರ. ಭಾರತೀಯ ಮಾನಕ ಬ್ಯೂರೊದ (ಬಿಐಎಸ್) ಗುರುತಿನ ಜೊತೆ ‘ಆರ್’ ಅಕ್ಷರ, ಎಂಟು ಅಂಕಿಗಳ ನೋಂದಣಿ ಸಂಖ್ಯೆ ಇರಬೇಕು. ಅದನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಯಾರ ಹೆಸರಿನಲ್ಲಿದೆ ಎಂದು ತೋರಿಸುತ್ತದೆ. ಅಂಗಡಿಯವರ ಎದುರಿಗೇ ಪರೀಕ್ಷಿಸಿ. ನನ್ನ ಎದುರಿಗೂ.

ಗೋಡೆಯ ಕಡೆ ಬಿಸಿಯಾಗಿದ್ದರೆ ಅಡಾಪ್ಟರನ್ನು ಬೈಯುವುದರಲ್ಲಿ ಅರ್ಥವಿಲ್ಲ. ಸಡಿಲ ಸಾಕೆಟ್, ಒಂದರ ಮೇಲೊಂದು ಚುಚ್ಚಿದ ಎಕ್ಸ್‌ಟೆನ್ಷನ್ ಬಾಕ್ಸ್, ತೆಳು ವೈರು ಇವುಗಳಲ್ಲಿ ಯಾವುದೋ ಒಂದು ಸಿಗುತ್ತದೆ. ಪಂಪ್‌ಸೆಟ್‌ಗಳು ಓಡುವ ಹೊತ್ತಿಗೆ ಹಳ್ಳಿಯಲ್ಲಿ ವೋಲ್ಟೇಜ್ 230ರಿಂದ 165ಕ್ಕೆ ಇಳಿದರೂ ಅಡಾಪ್ಟರ್ ನಿಲ್ಲುವುದಿಲ್ಲ, ಅದರ ವ್ಯಾಪ್ತಿಯೇ 100ರಿಂದ 240. ಅಷ್ಟೇ ವ್ಯಾಟ್ ಪಡೆಯಲು ಕರೆಂಟನ್ನು ಸುಮಾರು 1.4 ಪಟ್ಟು ಎಳೆದುಕೊಳ್ಳುತ್ತದೆ. ಸಡಿಲ ಸಾಕೆಟ್‌ನಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗದಂತೆ ಏರುವುದರಿಂದ ಹತ್ತಿರ ಹತ್ತಿರ ಎರಡರಷ್ಟಾಗುತ್ತದೆ. ಇನ್ನು ಬರೀ ವೈರೆಂದು ಉದಾಸೀನ ಮಾಡುವವರಿಗೆ ಒಂದು ಉದಾಹರಣೆ: 2014ರ ಆಗಸ್ಟ್‌ನಲ್ಲಿ ಎಚ್‌ಪಿ ಕಂಪನಿ ಅಮೆರಿಕವೊಂದರಲ್ಲೇ ಸುಮಾರು 56 ಲಕ್ಷ ಪವರ್ ಕಾರ್ಡ್‌ಗಳನ್ನು ಬಿಸಿಯಾಗಿ ಬೆಂಕಿ ತಗಲುವ ಭಯದಿಂದ ಹಿಂದಕ್ಕೆ ಪಡೆಯಿತು. ಅಡಾಪ್ಟರ್ ಡಬ್ಬಿಯನ್ನಲ್ಲ, ಗೋಡೆಯಿಂದ ಡಬ್ಬಿಗೆ ಬರುವ ವೈರನ್ನು. ತುದಿಯಲ್ಲಿ ‘ಎಲ್‌ಎಸ್-15’ ಎಂಬ ಅಚ್ಚಿದ್ದವು ಅವು.

ನನಗೆ ಹೆಚ್ಚು ಕೆಲಸ ಕೊಡುವುದು ಮೂರನೆಯ ಜಾಗ, ಅಂದರೆ ಪಿನ್. ವಕೀಲರೊಬ್ಬರು ಎರಡು ಚಾರ್ಜರ್ ತಂದು ಮೇಜಿನ ಮೇಲಿಟ್ಟು, ‘ಹಳೆಯದೂ ಸುಡುತ್ತದೆ, ಹೊಸದೂ ಸುಡುತ್ತದೆ, ಈಗ ಯಾರ ಮೇಲೆ ದಾವೆ ಹೂಡಲಿ ಹೇಳಿ’ ಎಂದರು. ಎರಡು ಡಬ್ಬಿಯೂ ಬರೀ ಬೆಚ್ಚಗಿದ್ದವು. ಹಳೆಯದರ ಪಿನ್ನಿನ ಬುಡದಲ್ಲಿ ಕಪ್ಪು ಪ್ಲಾಸ್ಟಿಕ್ ಮಾಸಿ, ಸ್ವಲ್ಪ ಉಬ್ಬಿತ್ತು. ಲ್ಯಾಪ್‌ಟಾಪ್‌ಗೆ ಚುಚ್ಚಿ ಅಲ್ಲಾಡಿಸಿದರೆ ಚಾರ್ಜಿಂಗ್ ದೀಪ ಹೋಗಿ ಬರುತ್ತಿತ್ತು.

ಬ್ಯಾಟರಿ ಮುಕ್ಕಾಲು ಖಾಲಿಯಾಗಿದ್ದಾಗ ಚಾರ್ಜ್‌ಗೆ ಹಾಕಿ, ಹೊಸ ಚಾರ್ಜರನ್ನು ಗೋಡೆಯ ವ್ಯಾಟ್ ಮೀಟರ್ ಮೂಲಕ ಕೊಟ್ಟೆ. ಮೀಟರ್ 58 ವ್ಯಾಟ್ ತೋರಿಸಿತು. ನಷ್ಟ ಕಳೆದರೆ ಲ್ಯಾಪ್‌ಟಾಪ್‌ ಕಡೆಗೆ ಹೋಗುತ್ತಿರುವುದು ಸುಮಾರು 2.6 ಆಂಪಿಯರ್. ಹಿಂಬದಿಯ ಕವರ್ ತೆಗೆದು, ಪಿನ್ ಹೋಗಿ ಕೂರುವ ಜ್ಯಾಕ್‌ನ ವೈರು ಮದರ್‌ಬೋರ್ಡ್ ಸೇರುವಲ್ಲಿ ಮಲ್ಟಿಮೀಟರ್ ಇಟ್ಟರೆ 18.1 ವೋಲ್ಟ್. ಲೋಡ್ ಇಲ್ಲದಾಗ ಅದೇ ಚಾರ್ಜರ್ 19.4 ಕೊಡುತ್ತಿತ್ತು. ಇಷ್ಟುದ್ದದ ವೈರಿನಲ್ಲಿ 0.3 ವೋಲ್ಟ್ ಇಳಿಯುವುದು ಸಹಜ. ಉಳಿದ ಒಂದು ವೋಲ್ಟ್ ಪಿನ್ನು ಜ್ಯಾಕಿಗೆ ತಾಗುವ ಜಾಗದಲ್ಲೇ ಮಾಯವಾಗುತ್ತಿತ್ತು. ಒಂದು ವೋಲ್ಟ್, 2.6 ಆಂಪಿಯರ್, ಅಂದರೆ 2.6 ವ್ಯಾಟ್. ನನ್ನ ಕೈಯಲ್ಲಿರುವ ಸೋಲ್ಡರಿಂಗ್ ಐರನ್ 25 ವ್ಯಾಟಿನದು; ಅದರ ಹತ್ತನೆಯ ಒಂದು ಪಾಲು ಕಡಲೆಕಾಳಿನಷ್ಟು ಜಾಗದಲ್ಲಿ ಗಂಟೆಗಟ್ಟಲೆ ಶಾಖವಾಗುತ್ತಿತ್ತು. ಪಿನ್ ಸುಡದೆ ಇನ್ನೇನು?

ಜ್ಯಾಕ್ ಬಿಚ್ಚಿದಾಗ ಒಳಗಿನ ಸ್ಪ್ರಿಂಗ್ ಪಟ್ಟಿ ಬಿಗಿ ಕಳೆದುಕೊಂಡು ಕರಿಗಟ್ಟಿತ್ತು. ನ್ಯಾಯಾಲಯದಲ್ಲಿ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟು, ಪಕ್ಕದ ಸಾಕೆಟ್‌ನಿಂದ ವೈರು ಎಳೆದು ಕೂರುವ ಅಭ್ಯಾಸ ವಕೀಲರದ್ದು. ಅಡ್ಡಕ್ಕೆ ಜಗ್ಗಿ ಜಗ್ಗಿ ಪಟ್ಟಿ ಸಡಿಲವಾಗಿದೆ, ಸಡಿಲವಾದಂತೆ ಬಿಸಿಯಾಗಿದೆ, ಬಿಸಿಯಾದಂತೆ ಇನ್ನಷ್ಟು ಸಡಿಲವಾಗಿದೆ. ವೈರು ಸಮೇತ ಬರುವ ಜ್ಯಾಕ್ ಅದು. ಬೆಲೆ ಚಾರ್ಜರ್‌ಗಿಂತ ಬಹಳ ಕಡಿಮೆ. ಹಾಕಿದ ಮೇಲೆ ಅದೇ ಪರೀಕ್ಷೆಯಲ್ಲಿ 19 ವೋಲ್ಟ್ ನಿಂತಿತು, ಪಿನ್ ತಣ್ಣಗಿತ್ತು.

ಹಳೆಯ ಚಾರ್ಜರನ್ನು ಮನೆಗೆ ಇಟ್ಟುಕೊಳ್ಳಲೇ ಎಂದು ಅವರು ಕೇಳಿದರು. ಡಬ್ಬಿ ಗಟ್ಟಿಯಾಗಿದೆ, ಆದರೆ ಆ ಕರಿಗಟ್ಟಿದ ಪಿನ್ನನ್ನು ಹೊಸ ಜ್ಯಾಕಿಗೆ ಚುಚ್ಚಿದರೆ ಅದನ್ನೂ ಕೆಡಿಸುತ್ತದೆ ಎಂದು ಹೇಳಿ, ಪಿನ್ ಕತ್ತರಿಸಿ ಹೊಸದನ್ನು ಬೆಸೆದೆ. ಈ ಕೆಲಸ ಮಾಡುವವರು ಗಮನಿಸಬೇಕಾದ್ದು ಮೂರನೆಯ, ಕೂದಲಿನಂಥ ವೈರು. ಪಿನ್ನಿನ ನಡುವಿನ ಸೂಜಿಗೆ ಸೇರುವ ಅದು ಅಡಾಪ್ಟರ್ ಎಷ್ಟು ವ್ಯಾಟಿನದೆಂದು ಲ್ಯಾಪ್‌ಟಾಪ್‌ಗೆ ತಿಳಿಸುತ್ತದೆ. ಅದನ್ನು ಬಿಟ್ಟು ದಪ್ಪ ವೈರು ಎರಡನ್ನೇ ಬೆಸೆದರೆ ಲ್ಯಾಪ್‌ಟಾಪ್ ಓಡಿದರೂ ಬ್ಯಾಟರಿ ಚಾರ್ಜ್ ಆಗದೆ, ಗಿರಾಕಿ ಮರುದಿನ ಬೆಳಿಗ್ಗೆಯೇ ಬಾಗಿಲಲ್ಲಿ ನಿಂತಿರುತ್ತಾರೆ.