ಸ್ಟುಟ್‌ಗಾರ್ಟಿನಲ್ಲಿ ಕೆಲಸ ಹೋಯಿತು, ಬಾಡಿಗೆ ಉಳಿಯಿತು

ನನ್ನ ಕೆಲಸ ಹೋದದ್ದು 2025ರ ಜನವರಿ ಕೊನೆಯ ವಾರ. ಊರಲ್ಲಿ ಹೇಳಿದ್ದು ಮೇ ತಿಂಗಳ ಕೊನೆಗೆ. ನಡುವಿನ ನಾಲ್ಕು ತಿಂಗಳು ಯಾಕೆ ಮುಚ್ಚಿಟ್ಟೆ ಅಂತ ಕೇಳಿದರೆ ನನ್ನ ಹತ್ತಿರ ಸರಿಯಾದ ಉತ್ತರ ಇಲ್ಲ. ಮದುವೆ ಮನೆಯ ಪಂಕ್ತಿಯಲ್ಲಿ ಅಪ್ಪನ ಪಕ್ಕ ಕೂತವರು "ಜರ್ಮನಿ ಮಾಣಿ ಆರಾಮಿದ್ನಾ?" ಅಂತ ಕೇಳೇ ಕೇಳುತ್ತಾರೆ. ಆಗ ಅವರು ಏನು ಹೇಳಬೇಕು, ಅಲ್ವಾ?

ನಾನು ಕಾರಿನ ಬಿಡಿಭಾಗ ಮಾಡುವ ಒಂದು ಕಂಪನಿಯಲ್ಲಿ ಟೆಸ್ಟಿಂಗ್ ಎಂಜಿನಿಯರ್ ಆಗಿದ್ದೆ. 2019ರಲ್ಲಿ ಸೇರಿದ್ದು. ಸ್ಟುಟ್‌ಗಾರ್ಟ್ ಸುತ್ತಮುತ್ತ ಕಾರು ಬಿಟ್ಟರೆ ಬೇರೆ ಬದುಕಿಲ್ಲ ಅಂದರೂ ನಡೆಯುತ್ತದೆ, ನಮ್ಮ ಶಿರಸಿಗೆ ಅಡಿಕೆ ಇದ್ದ ಹಾಗೆ. ಡೀಸೆಲ್ ಎಂಜಿನ್ನಿನ ಕೆಲಸ ಕಡಿಮೆಯಾಯಿತು, ಎಲೆಕ್ಟ್ರಿಕ್ ಕಾರು ಅಂದುಕೊಂಡಷ್ಟು ಬೇಗ ಓಡಲಿಲ್ಲ. ನಡುವೆ ಸಿಕ್ಕಿಬಿದ್ದವರು ನಮ್ಮಂಥವರು. ಕಂಪನಿಯವರು ಒಂದಿಷ್ಟು ಹಣ ಕೊಡುತ್ತೇವೆ, ಪರಸ್ಪರ ಒಪ್ಪಿಗೆಯಿಂದ ಬಿಟ್ಟಂತೆ ಸಹಿ ಹಾಕಿ ಅಂದರು. ನನ್ನ ಜೊತೆಗಿದ್ದ ಒಬ್ಬ ಹಣ ನೋಡಿ ಅವತ್ತೇ ಸಹಿ ಹಾಕಿದ. ಹಾಗೆ ಸಹಿ ಹಾಕಿದರೆ ಸರ್ಕಾರದ ಲೆಕ್ಕದಲ್ಲಿ ನೀವೇ ಕೆಲಸ ಬಿಟ್ಟ ಹಾಗೆ. ಸಾಮಾನ್ಯವಾಗಿ 12 ವಾರ ನಿರುದ್ಯೋಗ ಭತ್ಯೆ ನಿಲ್ಲುತ್ತದೆ. ಅವನಿಗೂ ನಿಂತಿತು. ನಾನು ಸಹಿ ಹಾಕಲಿಲ್ಲ. ಜಾಣತನದಿಂದ ಅಲ್ಲ, ಆ ಜರ್ಮನ್ ಕಾಗದ ನನಗೆ ಪೂರ್ತಿ ಅರ್ಥವಾಗಿರಲಿಲ್ಲ, ಅಷ್ಟೇ. ಎರಡು ತಿಂಗಳ ನೋಟೀಸ್ ಕೊಟ್ಟರು. ಮಾರ್ಚ್ 31 ಕೊನೆಯ ದಿನ.

ಇಲ್ಲಿಯ ವ್ಯವಸ್ಥೆ ಕೆಟ್ಟದ್ದೇನಲ್ಲ. ನೋಟೀಸ್ ಕೈಗೆ ಬಂದ ಮೂರು ದಿನದೊಳಗೆ ಉದ್ಯೋಗ ಕಚೇರಿಯಲ್ಲಿ ಹೆಸರು ಬರೆಸಬೇಕು. ಎರಡು ವರ್ಷ ವಂತಿಗೆ ಕಟ್ಟಿದವರಿಗೆ 12 ತಿಂಗಳ ತನಕ ಭತ್ಯೆ ಸಿಗುತ್ತದೆ, ಕೈಗೆ ಬರುತ್ತಿದ್ದ ಸಂಬಳದ 60 ಪರ್ಸೆಂಟ್, ಮಕ್ಕಳಿದ್ದರೆ 67. ನಮಗೆ ಆರು ವರ್ಷದ ಮಗಳಿದ್ದಾಳೆ, ಹಾಗಾಗಿ 67. ಮೇಲಿಂದ ಮಗುವಿನ ಭತ್ಯೆ, 2025ರಲ್ಲಿ ತಿಂಗಳಿಗೆ 255 ಯೂರೋ ಇತ್ತು. ಕಾಯಂ ವಾಸದ ಪರವಾನಗಿ ಮೊದಲೇ ಸಿಕ್ಕಿದ್ದರಿಂದ ವೀಸಾ ಚಿಂತೆಯೂ ಇರಲಿಲ್ಲ. ಇದನ್ನೆಲ್ಲ ಕೂಡಿಸಿ ಕಳೆದು, ಪರವಾಗಿಲ್ಲ, ಮೂರು ತಿಂಗಳಲ್ಲಿ ಬೇರೆ ಕೆಲಸ ಸಿಗುತ್ತದೆ ಅಂತ ಸುಮ್ನೆ ಕೂತೆ.

ಅಲ್ಲೇ ಎಡವಿದ್ದು.

ಸಂಬಳ ಮೂರರಲ್ಲಿ ಎರಡು ಪಾಲಾಯಿತು, ಬಾಡಿಗೆ ಮಾತ್ರ ಇಡೀ ಇಡೀ ಹೋಗುತ್ತಿತ್ತು. ಫೈಹಿಂಗನ್ ಬಡಾವಣೆಯಲ್ಲಿ ಮೂರು ಕೋಣೆಯ ಮನೆ, ಹೀಟಿಂಗ್ ನೀರು ಎಲ್ಲ ಸೇರಿ 1,450 ಯೂರೋ. ಜರ್ಮನಿಯಲ್ಲಿ ಬಾಡಿಗೆ ಮನೆ ಬಿಡಬೇಕಾದರೆ ಮೂರು ತಿಂಗಳು ಮೊದಲೇ ಬರೆದು ಕೊಡಬೇಕು, ಕಾಗದದ ಮೇಲೆ ಪೆನ್ನಿನಲ್ಲಿ ಸಹಿ ಹಾಕಿ, ಇಮೇಲ್ ನಡೆಯುವುದಿಲ್ಲ, ಮತ್ತೆ ಆ ಪತ್ರ ತಿಂಗಳ ಮೂರನೇ ಕೆಲಸದ ದಿನದೊಳಗೆ ಮಾಲೀಕರಿಗೆ ಮುಟ್ಟಿದರೆ ಮಾತ್ರ ಆ ತಿಂಗಳು ಲೆಕ್ಕಕ್ಕೆ ಬರುತ್ತದೆ. ಬೇರೆ ಮೂವರು ಬಾಡಿಗೆದಾರರನ್ನು ಹುಡುಕಿ ಕೊಟ್ಟರೆ ಬೇಗ ಬಿಡಬಹುದು ಅಂತ ಇಲ್ಲಿ ಎಲ್ಲರೂ ಹೇಳುತ್ತಾರೆ. ಅಂಥ ಕಾನೂನೇ ಇಲ್ಲ, ಮಾಲೀಕರು ಒಪ್ಪಿದರೆ ಮಾತ್ರ. ನಮ್ಮವರು ಒಪ್ಪಲಿಲ್ಲ.

ಫೆಬ್ರವರಿ ಮೊದಲಲ್ಲೇ ಪತ್ರ ಕೊಟ್ಟಿದ್ದರೆ ಏಪ್ರಿಲ್ ಕೊನೆಗೆ ಮನೆ ಖಾಲಿ. ನಾನು ಕೊಟ್ಟದ್ದು ಜೂನ್ ಮೊದಲಲ್ಲಿ, ಅಪ್ಪ ಬೈದ ಮೇಲೆ.

ಅಪ್ಪನಿಗೆ ಗೊತ್ತಾದದ್ದು ಆಯಿಯಿಂದ, ಅಂದರೆ ಅಮ್ಮನಿಂದ. ವಾರದ ಮಧ್ಯೆ ಇಲ್ಲಿಯ ಬೆಳಿಗ್ಗೆ ಹನ್ನೊಂದಕ್ಕೆ, ಅಂದರೆ ಊರಲ್ಲಿ ಮಧ್ಯಾಹ್ನ ಎರಡೂವರೆಗೆ, ಅವರ ಊಟ ಮುಗಿಯುವ ಹೊತ್ತಿಗೆ ವಿಡಿಯೋ ಕಾಲ್ ಮಾಡುತ್ತಿದ್ದೆ. ಮನೆಯಿಂದಲೇ ಕೆಲಸ ಅಂತ ಹೇಳಿದ್ದೆ. ಒಂದು ದಿನ ಆಯಿ ಫೋನನ್ನು ಮುಖದ ಹತ್ತಿರ ಹಿಡಿದು ನೋಡಿ, "ತಮಾ, ನಿನ್ನ ಗಡ್ಡ ನೋಡಿದ್ರೆ ಆಫೀಸಿಗೆ ಹೋಪವನ ಹಾಂಗೆ ಕಾಣ್ತಿಲ್ಲೆ" ಅಂದಳು. ಬಾಯಿ ಬಿಟ್ಟೆ.

ಅಪ್ಪ ಫೋನ್ ತೆಗೆದುಕೊಂಡವರು ಕೆಲಸದ ವಿಷಯ ಕೇಳಲೇ ಇಲ್ಲ. ಬಾಡಿಗೆ ಎಷ್ಟು ಅಂತ ಕೇಳಿದರು. ಹೇಳಿದೆ. ಮನಸ್ಸಲ್ಲೇ ಗುಣಿಸಿದರು. "ಒಂದು ಲಕ್ಷದ ಮೂವತ್ತೆಂಟು ಸಾವಿರ, ತಿಂಗಳಿಗೊ? ಅಷ್ಟರಲ್ಲಿ ಶಿರಸಿ ಪೇಟೇಲಿ ವರ್ಷ ಇಡೀ ಮನೆ ಸಿಗ್ತು." ಆಮೇಲೆ ಸ್ವಲ್ಪ ತಡೆದು, "ತೋಟಕ್ಕೆ ಕೊಳೆ ರೋಗ ಬಂದ ವರ್ಷ ಎಂತ ಮಾಡ್ತ್ಯ ಹೇಳಿ ಮರತು ಹೋತನಾ? ಮೊದ್ಲು ಖರ್ಚು ಇಳಸ್ತ್ಯ. ಬೆಳೆ ಬಪ್ಪದು ಆಮೇಲಿನ ಮಾತು" ಅಂದರು. ನನಗೆ ಎಷ್ಟು ಸಿಟ್ಟು ಬಂತು ಅಂದರೆ, ಇಲ್ಲಿಯ ಮಾರ್ಕೆಟ್ಟು ನಿಮಗೆ ಗೊತ್ತಿಲ್ಲ ಅಂತ ಏನೋ ಒದರಿ ಫೋನ್ ಇಟ್ಟೆ. ರಾತ್ರಿ ಕೂತು ಲೆಕ್ಕ ಹಾಕಿದರೆ ಅವರು ಹೇಳಿದ್ದೇ ಸರಿ. ಅಂದಾಜು 900ಕ್ಕೆ ಮನೆ ಸಿಗುವ ಕಡೆ ಮೊದಲೇ ಹೋಗಿದ್ದರೆ ನಾಲ್ಕು ತಿಂಗಳಲ್ಲಿ 2,200 ಯೂರೋ ಉಳಿಯುತ್ತಿತ್ತು. ಎರಡು ಲಕ್ಷ ರೂಪಾಯಿ.

ಹಣಕ್ಕಿಂತ ದೊಡ್ಡ ಪೆಟ್ಟು ಬೇರೆ ಇತ್ತು. ಇಲ್ಲಿ ಮನೆ ಕೊಡುವವರು ಕೊನೆಯ ಮೂರು ತಿಂಗಳ ಸಂಬಳದ ಚೀಟಿ ಕೇಳುತ್ತಾರೆ, ಶುಫಾ ಅನ್ನುವ ಸಾಲದ ಜಾತಕ ಕೇಳುತ್ತಾರೆ, ಹಳೆ ಮಾಲೀಕರಿಂದ ಬಾಡಿಗೆ ಬಾಕಿ ಇಲ್ಲ ಅಂತ ಪತ್ರ ಕೇಳುತ್ತಾರೆ. ಮಾರ್ಚ್ ತನಕ ನನ್ನ ಹತ್ತಿರ ಸಂಬಳದ ಚೀಟಿ ಇತ್ತು. ಜೂನಿನಲ್ಲಿ ಇದ್ದದ್ದು ಭತ್ಯೆ ಮಂಜೂರಾದ ಪತ್ರ. ಅರುವತ್ತು ಕಡೆ ಮೆಸೇಜ್ ಹಾಕಿದೆ, ಏಳು ಉತ್ತರ ಬಂತು, ನಾಲ್ಕು ಮನೆ ನೋಡಿದೆವು. ಒಂದು ಕಡೆ ಮೆಟ್ಟಿಲ ತುಂಬ ಮೂವತ್ತು ಜನ, ಎಲ್ಲರ ಕೈಯಲ್ಲೂ ಫೈಲು, ಮಾರಿಕಾಂಬಾ ಜಾತ್ರೆಯ ಹಣ್ಣುಕಾಯಿ ಸಾಲಿನ ಹಾಗೆ. ನಮ್ಮ ಫೈಲು ತೆರೆದ ಏಜೆಂಟ್ ಮೊದಲ ಪುಟ ನೋಡಿಯೇ ನಗುತ್ತ ಮುಚ್ಚಿದ.

ಕೊನೆಗೆ ಮನೆ ಸಿಕ್ಕಿದ್ದು ಗೋಪಿಂಗನ್ನಿನಲ್ಲಿ. ಸ್ಟುಟ್‌ಗಾರ್ಟಿನಿಂದ ರೈಲಿನಲ್ಲಿ ಮುಕ್ಕಾಲು ಗಂಟೆ. ಇಡೀ ದೇಶದ ಲೋಕಲ್ ರೈಲು, ಬಸ್ಸಿಗೆಲ್ಲ ನಡೆಯುವ ತಿಂಗಳ ಟಿಕೆಟ್ ಇರುವುದರಿಂದ ದೂರ ಹೋದರೂ ಟಿಕೆಟ್ ಖರ್ಚು ಅಷ್ಟೇ. 2023ರಲ್ಲಿ 49 ಯೂರೋ ಇದ್ದದ್ದು 2025ರಲ್ಲಿ 58 ಆಯಿತು, 2026ರ ಜನವರಿಯಿಂದ 63. ಮನೆಯೊಡತಿ ಎಪ್ಪತ್ತೆಂಟರ ಅಜ್ಜಿ, ಕೆಳಗಿನ ಮನೆಯಲ್ಲೇ ಇರುತ್ತಾರೆ. ಭತ್ಯೆಯ ಪತ್ರ ತೋರಿಸಿದೆ, ಬರುವ ಮಾರ್ಚ್ ತನಕ ಹಣ ಬರುತ್ತದೆ, ಹೆಂಡತಿ ಬೇಕರಿಯಲ್ಲಿ ಅರೆಕಾಲಿಕ ಕೆಲಸಕ್ಕೆ ಹೋಗುತ್ತಾಳೆ ಅಂತ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರಿಗೆ ಅದರಲ್ಲಿ ಆಸಕ್ತಿಯೇ ಇಲ್ಲ. ಸಿಗರೇಟು ಸೇದುತ್ತೀರಾ? ಮೆಟ್ಟಿಲು ಗುಡಿಸುತ್ತೀರಾ? ಎರಡೇ ಪ್ರಶ್ನೆ. ನಮ್ಮೂರಲ್ಲಿ ದಿನಾ ಬೆಳಿಗ್ಗೆ ಅಂಗಳ ಗುಡಿಸಿ ಸಗಣಿ ಹಾಕಿ ಸಾರಿಸುತ್ತಾರೆ ಅಂತ ಹೇಳಲು ಹೊರಟೆ. ಜರ್ಮನ್‌ನಲ್ಲಿ ಸಗಣಿಗೆ ಏನಂತಾರೆ ಅಂತ ಹೊಳೆಯಲಿಲ್ಲ, ಹಸು ಮತ್ತು ಪಾಯಖಾನೆ ಎರಡನ್ನೂ ಸೇರಿಸಿ ಹೇಳಿದೆ. ಅಜ್ಜಿ ಒಂದು ಹೆಜ್ಜೆ ಹಿಂದೆ ಸರಿದರು. ಆದರೂ ಮನೆ ಕೊಟ್ಟರು.

ಎಲ್ಲ ಸೇರಿ 890. ಹೀಟಿಂಗ್, ನೀರು ಬಿಟ್ಟರೆ 690. ಅದರ ಮೂರು ಪಟ್ಟು ಅಡ್ವಾನ್ಸು, 2,070. ಹಳೆ ಮನೆಯ ಅಡ್ವಾನ್ಸು ತಕ್ಷಣ ವಾಪಸ್ ಬರುವುದಿಲ್ಲ, ತಿಂಗಳುಗಟ್ಟಲೆ ಹಿಡಿಯುತ್ತಾರೆ. ಎರಡೂ ಕಡೆ ದುಡ್ಡು ಸಿಕ್ಕಿಕೊಳ್ಳುವುದು ಇಲ್ಲೇ. ಅಡ್ವಾನ್ಸನ್ನು ಮೂರು ಕಂತಿನಲ್ಲಿ ಕಟ್ಟುವ ಹಕ್ಕು ಬಾಡಿಗೆದಾರರಿಗೆ ಕಾನೂನಿನಲ್ಲೇ ಇದೆ. ನನಗೆ ಆರು ವರ್ಷ ಗೊತ್ತೇ ಇರಲಿಲ್ಲ. ಇಲ್ಲಿಗೆ ಬರುವವರು ನೆನಪಿಟ್ಟುಕೊಳ್ಳಿ.

ಆಗಸ್ಟ್ ಕೊನೆಗೆ ಸಾಮಾನು ಸಾಗಿಸಿದೆವು. ಇಲ್ಲಿಯ ಕನ್ನಡ ಬಳಗದ ಇಬ್ಬರು ಬಾಡಿಗೆ ವ್ಯಾನ್ ಓಡಿಸಿದರು. ಹೊಸ ಮನೆಯ ಅಡುಗೆಮನೆಗೆ ಕಾಲಿಟ್ಟರೆ ಗೋಡೆಯಿಂದ ಎರಡು ನೀರಿನ ಪೈಪು, ಒಂದು ದಪ್ಪ ವೈರು. ಬೇರೇನೂ ಇಲ್ಲ. ಜರ್ಮನಿಯಲ್ಲಿ ಬಹಳ ಮನೆಗಳು ಹೀಗೇ, ಸಿಂಕು, ಕಪಾಟು, ಒಲೆ ಎಲ್ಲ ನಾವೇ ತರಬೇಕು, ಹೋಗುವಾಗ ಬಿಚ್ಚಿಕೊಂಡು ಹೋಗಬೇಕು. ಹಳೆ ಮನೆಯದ್ದು ಈ ಅಳತೆಗೆ ಕೂರುವುದಿಲ್ಲ ಅಂತ ಅಲ್ಲಿಗೆ ಬಂದವರಿಗೇ 900 ಯೂರೋಗೆ ಮಾರಿದ್ದೆವು. ಸೆಕೆಂಡ್ ಹ್ಯಾಂಡ್ ಸಿಂಕು ಸಿಕ್ಕಿ, ಒಲೆಗೆ ಎಲೆಕ್ಟ್ರಿಷಿಯನ್ ಬರಲು ಮೂರು ವಾರ ಆಯಿತು. ಅಲ್ಲಿಯ ತನಕ ಕಿಟಕಿ ಕಟ್ಟೆಯ ಮೇಲೆ ಇಂಡಕ್ಷನ್ ಒಲೆ, ಪಾತ್ರೆ ತೊಳೆಯಲು ಬಾತ್‌ಟಬ್. ಹೆಂಡತಿ ಬೆಳಿಗ್ಗೆ ಐದೂವರೆಗೆ ಬೇಕರಿಗೆ ಹೋಗುವವಳು, ಆದ್ದರಿಂದ ಆ ಕೆಲಸ ನನ್ನದು. ಟಬ್ಬಿನ ಅಂಚಿಗೆ ಮೊಣಕೈ ಊರಿ, ಮೊಣಕಾಲ ಕೆಳಗೆ ಹಳೆ ಟವೆಲ್ ಹಾಕಿಕೊಂಡು ಕುಕ್ಕರ್ ಉಜ್ಜುತ್ತಿದ್ದೆ. ಅನ್ನದ ಅಗುಳು ತೂತಿಗೆ ಹೋಗದ ಹಾಗೆ ಚಹಾ ಸೋಸುವ ಜಾಲರಿ ಇಡಬೇಕು, ಇಲ್ಲದಿದ್ದರೆ ಸಂಜೆ ಮಗಳ ಸ್ನಾನದ ಹೊತ್ತಿಗೆ ನೀರು ಇಳಿಯುವುದಿಲ್ಲ. ಕುಮಟಾದ ಅತ್ತೆ ವಿಡಿಯೋದಲ್ಲಿ ಇದನ್ನು ನೋಡಿ, ನಮ್ಮ ಬಚ್ಚಲೇ ವಾಸಿ ಮಾರಾಯ ಅಂದರು. ಅವರು ನಕ್ಕರು, ನನಗೆ ಅವತ್ತು ನಗು ಬರಲಿಲ್ಲ.

ಸೆಪ್ಟೆಂಬರ್ ಮಧ್ಯದಲ್ಲಿ ಮಗಳಿಗೆ ಒಂದನೇ ಕ್ಲಾಸು ಶುರುವಾಯಿತು. ಇಲ್ಲಿ ಮೊದಲ ದಿನ ಮಕ್ಕಳ ಕೈಗೆ ಅವರಷ್ಟೇ ಉದ್ದದ ಕಾಗದದ ಕೋನ್ ಕೊಡುತ್ತಾರೆ, ಒಳಗೆ ಸಿಹಿತಿಂಡಿ, ಪೆನ್ಸಿಲ್ಲು. ಆಯಿ ಪಾರ್ಸೆಲ್‌ನಲ್ಲಿ ತೊಡದೇವು ಕಳಿಸಿದ್ದಳು. ಬರುವಷ್ಟರಲ್ಲಿ ಎಲ್ಲ ಪುಡಿ. ಪುಡಿಯನ್ನೇ ಡಬ್ಬಿಗೆ ಹಾಕಿ ಕೋನಿನ ತಳಕ್ಕೆ ಇಟ್ಟೆವು.

ಕೆಲಸ ಇನ್ನೂ ಸಿಕ್ಕಿಲ್ಲ. ಜರ್ಮನ್ ಭಾಷೆಯ ಕ್ಲಾಸಿಗೆ ಹೋಗುತ್ತೇನೆ, ವಾರಕ್ಕೆ ಎರಡು ಬೆಳಿಗ್ಗೆ ಸೂಪರ್‌ಮಾರ್ಕೆಟ್ಟಿನಲ್ಲಿ ಸಾಮಾನು ಜೋಡಿಸುತ್ತೇನೆ. ಭತ್ಯೆ ತೆಗೆದುಕೊಳ್ಳುವವರು ತಿಂಗಳಿಗೆ 165 ಯೂರೋ ದುಡಿಯುವ ತನಕ ಏನೂ ಕಡಿತ ಇಲ್ಲ, ಕಚೇರಿಗೆ ಹೇಳಿರಬೇಕು ಅಷ್ಟೇ. ಟಿವಿ ಇಲ್ಲದಿದ್ದರೂ ಮನೆಗೆ ಇಷ್ಟು ಅಂತ 18.36 ಯೂರೋ ಪ್ರಸಾರ ಶುಲ್ಕ ಮಾತ್ರ ಪ್ರತಿ ತಿಂಗಳು ಹೋಗುತ್ತದೆ. ಅದರ ಮೇಲೆ ನನಗೆ ಇರುವಷ್ಟು ಸಿಟ್ಟು ಕೆಲಸ ತೆಗೆದವರ ಮೇಲೂ ಇಲ್ಲ.

ಈ ವಾರ ಮೆಟ್ಟಿಲಿನ ಪಾಳಿ ನಮ್ಮದು. ಕೇರ್‌ವೋಖೆ ಅಂತ ಬರೆದ ಮರದ ಸಣ್ಣ ಹಲಗೆಯನ್ನು ಅಜ್ಜಿ ಸೋಮವಾರ ನಮ್ಮ ಬಾಗಿಲ ಹಿಡಿಕೆಗೆ ತೂಗುಹಾಕಿ ಹೋಗಿದ್ದಾರೆ. ನಿನ್ನೆ ಗುಡಿಸುವಾಗ ಫೋನ್ ಬಂತು, ಒಂದು ಕಡೆ ಎರಡನೇ ಸುತ್ತಿನ ಸಂದರ್ಶನ ಜನವರಿಯಲ್ಲಂತೆ. ಕಸಬರಿಗೆ ಗೋಡೆಗೆ ಒರಗಿಸಿ ಮೆಟ್ಟಿಲ ಮೇಲೇ ಕೂತು ಮಾತಾಡಿದೆ. ಅಜ್ಜಿ ಬಾಗಿಲು ತೆರೆದು ನೋಡಿ, ನಾನು ಫೋನ್ ಇಡುವ ತನಕ ಕಾದು, ಹಿಮ ಬಿದ್ದರೆ ಬೆಳಿಗ್ಗೆ ಏಳರೊಳಗೆ ಬಾಗಿಲ ಮುಂದೆ ಗೋರಬೇಕು, ಅದೂ ಪಾಳಿಯವರದ್ದೇ ಕೆಲಸ ಅಂದರು. ರಾತ್ರಿ ಅಪ್ಪನಿಗೆ ಎರಡೂ ಸುದ್ದಿ ಹೇಳಿದೆ. ಸಂದರ್ಶನಕ್ಕೆ "ಹ್ಞೂಂ" ಅಂದರು. ಹಿಮ ಗೋರುವುದು ಹಾರೆಯಲ್ಲೋ, ಗುದ್ದಲಿಯಲ್ಲೋ ಅಂತ ಕೇಳಿದರು.